ಗಟ್ಟಿ ಹೆಚ್ಚಾದರೂ ನಪಾಸು: ‘ಐರಿಸ್’ ಎಂಬ ಉಕ್ಕಿನ ಯುದ್ಧನೌಕೆ

ಬ್ರಿಟಿಷ್ ನೌಕಾಪಡೆಯ ಹಡಗುಗಳ ಪ್ರಧಾನ ವಿನ್ಯಾಸಕಾರ ನಥಾನಿಯಲ್ ಬಾರ್ನಬಿ 1875ರಲ್ಲಿ ನೌಕಾಶಿಲ್ಪಿಗಳ ಸಂಸ್ಥೆಯ ಸಭೆಯಲ್ಲಿ ಎದ್ದು ನಿಂತು ಉಕ್ಕು ತಯಾರಕರಿಗೆ ನೇರವಾಗಿಯೇ ಒಂದು ಮಾತು ಕೇಳಿದರು. ಎದೆ ನಡುಗಿಸಿಕೊಳ್ಳದೆ, ಮಗುವಿನಂತೆ ಜೋಪಾನ ಮಾಡದೆ ನಾವು ಬಳಸಬಹುದಾದ ಉಕ್ಕನ್ನು ನೀವು ಕೊಡುವುದು ಯಾವಾಗ? ಆಗ ಬ್ರಿಟನ್ ಜಗತ್ತಿನಲ್ಲೇ ಅತಿ ಹೆಚ್ಚು ಉಕ್ಕು ತಯಾರಿಸುತ್ತಿದ್ದ ದೇಶ. ಅಲ್ಲಿನ ರೈಲು ಹಳಿಗಳು ಉಕ್ಕಿಗೆ ಬದಲಾಗುತ್ತಿದ್ದವು. ಆದರೆ ಹಡಗಿನ ಒಡಲು ಮಾತ್ರ ಇನ್ನೂ ಮೆದು ಕಬ್ಬಿಣದ್ದೇ.

ಉಕ್ಕಿನ ಹಡಗುಗಳೇ ಇರಲಿಲ್ಲವೆಂದಲ್ಲ. ಡೇವಿಡ್ ಲಿವಿಂಗ್‌ಸ್ಟನ್ 1858ರಲ್ಲಿ ಆಫ್ರಿಕಾದ ಜಾಂಬೆಜಿ ನದಿಗೆ ಒಯ್ದ ‘ಮಾ ರಾಬರ್ಟ್’ ಎಂಬ ಪುಟ್ಟ ಉಗಿದೋಣಿಯ ಮೈಯೆಲ್ಲ ತೆಳು ಉಕ್ಕಿನ ಹಾಳೆ. ತುಕ್ಕು ಹಿಡಿದು, ಜರಡಿಯಾಗಿ, ಕೆಲವೇ ವರ್ಷಗಳಲ್ಲಿ ಅದು ನದಿಯ ಪಾಲಾಯಿತು. ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ ದಿಗ್ಬಂಧನ ತಪ್ಪಿಸಿ ಹತ್ತಿ ಸಾಗಿಸಲು ಕಟ್ಟಿದ ಹಡಗುಗಳಲ್ಲೂ ಕೆಲವು ಉಕ್ಕಿನವು. ಅವು ಹಗುರವಾಗಿ, ವೇಗವಾಗಿ ಓಡಬೇಕಿತ್ತು. ಹೆಚ್ಚು ಕಾಲ ಬಾಳಬೇಕೆಂಬ ಒತ್ತಾಯವೇನೂ ಇರಲಿಲ್ಲ. ಯುದ್ಧನೌಕೆಯ ಲೆಕ್ಕ ಬೇರೆ. ಇಪ್ಪತ್ತು ಮೂವತ್ತು ವರ್ಷ ಬಾಳಬೇಕು, ಗುಂಡಿನೇಟು ತಿನ್ನಬೇಕು, ನೂರಾರು ಜನರ ಪ್ರಾಣ ಹೊತ್ತು ತಿರುಗಬೇಕು.

ಬಾರ್ನಬಿಯ ಹೆದರಿಕೆಯ ಮೂಲ ಇದ್ದದ್ದು ಉಕ್ಕು ಹುಟ್ಟುತ್ತಿದ್ದ ರೀತಿಯಲ್ಲಿ. ಹೆನ್ರಿ ಬೆಸೆಮರ್ 1856ರಲ್ಲಿ ಪ್ರಕಟಿಸಿದ ವಿಧಾನದಲ್ಲಿ ಕರಗಿದ ಬೀಡುಕಬ್ಬಿಣದೊಳಕ್ಕೆ ಗಾಳಿಯನ್ನು ರಭಸದಿಂದ ಊದುತ್ತಾರೆ. ಒಳಗಿನ ಇಂಗಾಲ ಉರಿದುಹೋಗಿ ಇಪ್ಪತ್ತು ನಿಮಿಷದ ಆಸುಪಾಸಿನಲ್ಲಿ ಟನ್ನುಗಟ್ಟಲೆ ಉಕ್ಕು ಸಿದ್ಧ. ಅದ್ಭುತವೇ ಸರಿ. ಆದರೆ ಆ ಇಪ್ಪತ್ತು ನಿಮಿಷದಲ್ಲಿ ಒಳಗೆ ಏನಾಗುತ್ತಿದೆಯೆಂದು ತಿಳಿಯಲು ಜ್ವಾಲೆಯ ಬಣ್ಣವೊಂದೇ ಆಧಾರ. ಅರ್ಧ ನಿಮಿಷ ಹೆಚ್ಚುಕಡಿಮೆಯಾದರೆ ಇಂಗಾಲದ ಪ್ರಮಾಣವೂ ಹೆಚ್ಚುಕಡಿಮೆ. ಅದಿರಿನಲ್ಲಿ ರಂಜಕವಿದ್ದರೆ ಅದು ಹೋಗುತ್ತಲೇ ಇರಲಿಲ್ಲ, ಉಕ್ಕು ಪೆಡಸಾಗುತ್ತಿತ್ತು. ಊದಿದ ಗಾಳಿಯಲ್ಲಿನ ಸಾರಜನಕವೂ ಲೋಹದಲ್ಲಿ ಕರಗಿ ಅದನ್ನು ಕೆಡಿಸುತ್ತದೆಂಬುದು ಜನರಿಗೆ ಅರ್ಥವಾದದ್ದು ಬಹಳ ತಡವಾಗಿ. ಹೀಗಾಗಿ ಒಂದೇ ಕಾರ್ಖಾನೆಯಿಂದ ಬಂದ ಎರಡು ಹಾಳೆಗಳಲ್ಲಿ ಒಂದು ಬೆಣ್ಣೆಯಂತೆ ಬಾಗಿದರೆ ಇನ್ನೊಂದು ಸುತ್ತಿಗೆಯೇಟಿಗೆ ಸೀಳು ಬಿಡುತ್ತಿತ್ತು. ಯಾವುದು ಎಂಥದ್ದೆಂದು ಕಣ್ಣಿಗೆ ತಿಳಿಯುವಂತಿರಲಿಲ್ಲ.

ಹಡಗುಕಟ್ಟೆಯ ಕೆಲಸದ ರೀತಿಯೂ ಉಕ್ಕಿಗೆ ಹೊಂದುತ್ತಿರಲಿಲ್ಲ. ಆಗ ಬೆಸುಗೆ ಇಲ್ಲ, ಎಲ್ಲವೂ ರಿವೆಟ್. ಒಂದೊಂದು ಹಾಳೆಯ ಅಂಚಿಗೂ ಸಾಲುಸಾಲು ರಂಧ್ರ, ಅಷ್ಟನ್ನೂ ಪಂಚಿಂಗ್ ಯಂತ್ರ ಗುದ್ದಿಯೇ ಮಾಡಬೇಕು. ಮೆದು ಕಬ್ಬಿಣ ಆ ಗುದ್ದನ್ನು ಹೇಗೋ ತಾಳಿಕೊಳ್ಳುತ್ತಿತ್ತು. ಉಕ್ಕಿನಲ್ಲಾದರೆ ರಂಧ್ರದ ಸುತ್ತಲಿನ ಉಂಗುರದಷ್ಟು ಭಾಗ ಬಿರುಸಾಗಿ, ಹಾಳೆಯ ಬಲದಲ್ಲಿ ದೊಡ್ಡ ಪಾಲು ಅಲ್ಲೇ ಸೋರಿಹೋಗುತ್ತಿತ್ತು. ಇದಕ್ಕೆ ಮದ್ದು ಎರಡು: ಗುದ್ದಿದ ಮೇಲೆ ಹಾಳೆಯನ್ನು ಕಾಯಿಸಿ ನಿಧಾನವಾಗಿ ಆರಿಸುವುದು, ಇಲ್ಲವೇ ಚಿಕ್ಕ ರಂಧ್ರ ಮಾಡಿ ಆಮೇಲೆ ಅದರ ಅಂಚನ್ನು ಕೊರೆದು ತೆಗೆಯುವುದು. ಎರಡಕ್ಕೂ ಸಮಯ ಬೇಕು, ದುಡ್ಡು ಬೇಕು. ಕಮ್ಮಾರರಿಗೆ ಇನ್ನೊಂದು ಹೊಸ ಪಾಠವೂ ಇತ್ತು. ಕಬ್ಬಿಣವನ್ನು ಕೆಂಪಗೆ ಕಾಯಿಸಿ, ಕೆಂಪು ಆರಿದ ಮೇಲೂ ನಾಲ್ಕು ಏಟು ಹಾಕಿ ಮುಗಿಸುವುದು ಅವರ ರೂಢಿ. ಉಕ್ಕಿಗೆ ಹಾಗೆ ಮಾಡಿದರೆ ಕೆಟ್ಟಿತು. ಸುಮಾರು 300 ಡಿಗ್ರಿ ಸೆಲ್ಸಿಯಸ್ಸಿನಲ್ಲಿ, ಮೈಮೇಲೆ ನೀಲಿ ಛಾಯೆ ಮೂಡುವ ಹೊತ್ತಿಗೆ, ಅದು ತಣ್ಣಗಿರುವಾಗಿನದಕ್ಕಿಂತ ಹೆಚ್ಚು ಪೆಡಸು. ಆ ಹೊತ್ತಿನಲ್ಲಿ ಬಡಿದರೆ ಹಾಳೆ ಅಂದು ಬಾಗಿ, ಮುಂದೆಂದೋ ಬಿರುಕು ಬಿಡುತ್ತದೆ.

ಹಾಗಿದ್ದರೆ ಉಕ್ಕಿನ ಗೊಡವೆ ಏಕೆ? ತೂಕಕ್ಕಾಗಿ. ಕುಲುಮೆಯಲ್ಲಿ ಕಲಸಿ ಬಡಿದು ಮಾಡಿದ ಮೆದು ಕಬ್ಬಿಣದಲ್ಲಿ ಕಿಟ್ಟದ ಎಳೆಗಳು ಮರದ ನಾರಿನಂತೆ ಉದ್ದಕ್ಕೆ ಹಾಯ್ದಿರುತ್ತವೆ. ಅಡ್ಮಿರಾಲ್ಟಿ, ಎಂದರೆ ಅಲ್ಲಿನ ನೌಕಾ ಇಲಾಖೆ, ಒಳ್ಳೆಯ ಕಬ್ಬಿಣದ ಹಾಳೆಯಿಂದ ನಿರೀಕ್ಷಿಸುತ್ತಿದ್ದದ್ದು ನಾರಿನ ಗುಂಟ ಚದರ ಅಂಗುಲಕ್ಕೆ 22 ಟನ್ ಬಲ, ಅಡ್ಡಲಾಗಿ 18 ಟನ್. ಉಕ್ಕು ಎರಡೂ ದಿಕ್ಕಿನಲ್ಲಿ ಹೆಚ್ಚುಕಡಿಮೆ ಒಂದೇ, ಅದೂ 26 ಟನ್ನಿಗೆ ಮೇಲೆ. ಒಡಲಿನಲ್ಲಿ ಉಳಿಸಿದ ಪ್ರತಿ ಟನ್ ತೂಕವನ್ನೂ ಕಲ್ಲಿದ್ದಲಿಗೋ ಎಂಜಿನ್ನಿಗೋ ಫಿರಂಗಿಗೋ ಕೊಡಬಹುದು. ಈ ಲೆಕ್ಕವನ್ನು ಮೊದಲು ಹಿಡಿದವರು ಫ್ರೆಂಚರು. ಲೋರಿಯಾಂ ಬಂದರಿನಲ್ಲಿ ಲೂಯಿ ದ ಬುಸ್ಸಿ ವಿನ್ಯಾಸ ಮಾಡಿದ ‘ರೆಡೂಟಾಬ್ಲ್’ ಎಂಬ ಭಾರೀ ಯುದ್ಧನೌಕೆಯ ಕೆಲಸ 1873ರಲ್ಲೇ ಆರಂಭವಾಗಿತ್ತು. ಬಾರ್ನಬಿ ಹೋಗಿ ಕಣ್ಣಾರೆ ನೋಡಿ ಬಂದರು. ಅಲ್ಲಿ ಪಕ್ಕೆಲುಬು, ತೊಲೆ, ಒಳಗಿನ ಗೋಡೆ ಉಕ್ಕಿನವು. ನೀರಿಗೆ ತಾಗುವ ಹೊರ ಹೊದಿಕೆ ಮಾತ್ರ ಕಬ್ಬಿಣ. ಧೈರ್ಯವಂತ ಬುಸ್ಸಿಗೂ ಅಷ್ಟರಮಟ್ಟಿಗೆ ಅನುಮಾನ ಉಳಿದಿತ್ತು.

ಬಾರ್ನಬಿಯ ಪ್ರಶ್ನೆಗೆ ಉತ್ತರ ಬಂದದ್ದು ವೇಲ್ಸ್‌ನಿಂದ. ಸ್ವಾನ್ಸಿ ಪಟ್ಟಣದ ಪಕ್ಕದ ಲ್ಯಾಂಡೋರ್‌ನಲ್ಲಿ ವಿಲಿಯಂ ಸೀಮೆನ್ಸ್ ಅವರ ಉಕ್ಕಿನ ಕಾರ್ಖಾನೆ ಇತ್ತು. ಬಿಸಿ ಹೊಗೆಯ ಶಾಖವನ್ನೇ ಹಿಡಿದಿಟ್ಟು ಒಳಬರುವ ಗಾಳಿಯನ್ನು ಕಾಯಿಸುವ ಕುಲುಮೆ ಸೀಮೆನ್ಸರದು. ಅದರಲ್ಲಿ ಬೀಡುಕಬ್ಬಿಣ ಮತ್ತು ಗುಜರಿ ಕಬ್ಬಿಣ ಬೆರೆಸಿ ಉಕ್ಕು ಮಾಡಿ ತೋರಿಸಿದ್ದು ಫ್ರಾನ್ಸಿನ ಮಾರ್ಟಿನ್ ಮನೆತನ. ಈ ವಿಧಾನಕ್ಕೆ ಇಪ್ಪತ್ತು ನಿಮಿಷ ಸಾಲದು, ಎಂಟು ಹತ್ತು ಗಂಟೆ ಬೇಕು. ಅದರ ಗುಣ ಇರುವುದೇ ಆ ನಿಧಾನದಲ್ಲಿ. ಅಡುಗೆಯವರು ಅಗುಳು ಹಿಚುಕಿ ಅನ್ನ ಬೆಂದಿದೆಯೇ ಎಂದು ನೋಡುವಂತೆ, ಇಲ್ಲಿ ನಡುನಡುವೆ ಒಂದು ಸೌಟು ಲೋಹ ತೆಗೆದು, ಆರಿಸಿ, ಬಡಿದು, ಮುರಿದು ನೋಡಿ ಬೇಕಾದ್ದನ್ನು ಬೆರೆಸಬಹುದು. ಕಾರ್ಖಾನೆಯ ವ್ಯವಸ್ಥಾಪಕ ಜೇಮ್ಸ್ ರೈಲಿ 1876ರಲ್ಲಿ ಅದೇ ನೌಕಾಶಿಲ್ಪಿಗಳ ಸಂಸ್ಥೆಯ ಸಭೆಯಲ್ಲಿ ಪ್ರಬಂಧ ಓದಿ, ಬೇಕಾದಂಥ ಉಕ್ಕು ನಮ್ಮಲ್ಲಿದೆ ಎಂದರು. ಅಷ್ಟರಲ್ಲಿ ಮಾತು ಆಗಲೇ ಕೆಲಸಕ್ಕಿಳಿದಿತ್ತು. 1875ರ ನವೆಂಬರ್ 10ರಂದು ವೇಲ್ಸ್‌ನದೇ ಇನ್ನೊಂದು ಮೂಲೆಯ ಪೆಂಬ್ರೋಕ್ ಸರಕಾರಿ ಹಡಗುಕಟ್ಟೆಯಲ್ಲಿ ‘ಐರಿಸ್’ ನೌಕೆಗೆ ಅಡಿಪಾಯದ ತೊಲೆ ಬಿದ್ದಿತ್ತು. ಮರುವರ್ಷ ಅದರ ಜೋಡಿ ‘ಮರ್ಕ್ಯುರಿ’. ಹೊರ ಹೊದಿಕೆಯೂ ಸೇರಿ ಇಡೀ ಒಡಲು ಉಕ್ಕಿನದಾದ ಬ್ರಿಟಿಷ್ ನೌಕಾಪಡೆಯ ಮೊದಲ ಹಡಗುಗಳು ಇವು.

ರೈಲಿಯ ಮಾತನ್ನು ಮಾತೆಂದೇ ನಂಬಿ ಅಡ್ಮಿರಾಲ್ಟಿ ಕೂರಲಿಲ್ಲ. ಅದು ಉಕ್ಕಿಗೆ ಇಟ್ಟ ಪರೀಕ್ಷೆಯನ್ನು ಸ್ವಲ್ಪ ನಿಧಾನವಾಗಿ ನೋಡಬೇಕು, ಏಕೆಂದರೆ ನನ್ನ ಪ್ರಕಾರ ಐರಿಸ್‌ನ ನಿಜವಾದ ಹೊಸತನ ಇರುವುದು ಅಲ್ಲಿಯೇ. ಹಾಳೆಯಿಂದ ಕತ್ತರಿಸಿದ ಪಟ್ಟಿಯನ್ನು ಯಂತ್ರದಲ್ಲಿ ಸಿಕ್ಕಿಸಿ ಕಿತ್ತುಹೋಗುವವರೆಗೆ ಎಳೆಯಬೇಕು. ಚದರ ಅಂಗುಲಕ್ಕೆ 26 ಟನ್ನಿಗಿಂತ ಮೊದಲೇ ಹರಿದರೆ ಹಾಳೆ ನಪಾಸು. ಇದು ಯಾರಿಗಾದರೂ ಹೊಳೆಯುವ ನಿಯಮ. ಅಚ್ಚರಿ ಇರುವುದು ಅದರ ಮುಂದಿನ ಸಾಲಿನಲ್ಲಿ: 30 ಟನ್ನಿಗೂ ಹರಿಯದೆ ನಿಂತರೆ ಆಗಲೂ ನಪಾಸು. ಅತಿ ಬಲದ ಉಕ್ಕಿನಲ್ಲಿ ಇಂಗಾಲ ಹೆಚ್ಚು. ಇಂಗಾಲ ಹೆಚ್ಚಿದ ಉಕ್ಕು ಬಾಗುವ ಬದಲು ಒಡೆಯುತ್ತದೆ. ಇಷ್ಟಕ್ಕೇ ಮುಗಿಯಲಿಲ್ಲ. ಎಂಟು ಅಂಗುಲ ಉದ್ದಕ್ಕೆ ಗುರುತು ಹಾಕಿದ ಪಟ್ಟಿ ಹರಿಯುವ ಮೊದಲು ಕನಿಷ್ಠ ಶೇ 20ರಷ್ಟು ಉದ್ದವಾಗಿರಬೇಕು. ಆಮೇಲೆ ಬೆಂಕಿ, ನೀರಿನ ಸರದಿ. ಒಂದೂವರೆ ಅಂಗುಲ ಅಗಲದ ಪಟ್ಟಿಯನ್ನು ಮಂದ ಕೆಂಪಗೆ ಕಾಯಿಸಿ, 82 ಡಿಗ್ರಿ ಫ್ಯಾರನ್‌ಹೀಟ್ ನೀರಿಗೆ ಅದ್ದಿ, ತನ್ನ ದಪ್ಪದ ಒಂದೂವರೆ ಪಟ್ಟು ತ್ರಿಜ್ಯದ ಬಾಗಿಗೆ ಪ್ರೆಸ್ಸಿನಲ್ಲಿ ಮಡಿಸಬೇಕು. ಇಂಗಾಲ ಹೆಚ್ಚಿರುವ ಉಕ್ಕು ನೀರಿಗೆ ಬಿದ್ದೊಡನೆ ಕತ್ತಿಯಂತೆ ಬಿರುಸಾಗಿ ಮಡಿಸುವಾಗ ಬಿರುಕು ಬಿಡುತ್ತದೆ; ಮೆದು ಉಕ್ಕು ಸುಮ್ಮನೆ ಮಡಿಕೆಯಾಗುತ್ತದೆ. ರಸಾಯನಶಾಲೆಯ ಹಂಗಿಲ್ಲದೆ, ಒಲೆ, ಬಕೆಟ್ಟು, ಪ್ರೆಸ್ಸು ಮೂರರಿಂದಲೇ ಲೋಹದ ಜಾತಕ ಹೊರಬೀಳುವ ಈ ಪರೀಕ್ಷೆಯನ್ನು ನಾನಂತೂ ಬಹಳ ಮೆಚ್ಚುತ್ತೇನೆ.

ಶೇ 20ರ ಹಿಗ್ಗುವಿಕೆಯಿಂದ ಏನು ಲಾಭ? ಹಡಗು ಬಂಡೆಗೆ ತಗುಲಿದಾಗ ಹಿಗ್ಗಬಲ್ಲ ಹಾಳೆ ತಗ್ಗಾಗಿ, ಸುಕ್ಕಾಗಿ ಏಟನ್ನು ನುಂಗಿಕೊಳ್ಳುತ್ತದೆ. ಹಿಗ್ಗಲಾರದ್ದು ಸೀಳಿ ನೀರನ್ನು ಒಳಗೆ ಬಿಡುತ್ತದೆ. ಒಂದು ರಂಧ್ರ ಅರ್ಧ ನೂಲಿನಷ್ಟು ಪಕ್ಕಕ್ಕೆ ಬಿದ್ದು ಒಂದು ರಿವೆಟ್ ಮೇಲೆ ಭಾರ ಹೆಚ್ಚಾದರೆ, ಹಿಗ್ಗುವ ಗುಣವಿರುವ ಲೋಹ ಅಲ್ಲಿ ಸ್ವಲ್ಪ ಜರುಗಿ ಭಾರವನ್ನು ಅಕ್ಕಪಕ್ಕದವಕ್ಕೆ ಹಂಚುತ್ತದೆ. ಮನುಷ್ಯರು ಕಟ್ಟುವ ಹಡಗಿನಲ್ಲಿ ಇಂಥ ತಪ್ಪುಗಳು ಸಾವಿರ.

ಉಕ್ಕು ಇನ್ನೊಂದು ಹೊಸ ತಲೆನೋವನ್ನೂ ತಂದಿತು. ಕಾರ್ಖಾನೆಯ ಉರುಳೆಗಳ ನಡುವಿಂದ ಹೊರಬರುವ ಹಾಳೆಯ ಮೇಲೆ ಕರಿಯ ಪೊರೆಯೊಂದು ಅಂಟಿರುತ್ತದೆ. ಸಮುದ್ರದ ನೀರಿನಲ್ಲಿ ಆ ಪೊರೆಗೂ ಅದು ಸುಲಿದುಹೋದ ಜಾಗದ ಬರಿ ಉಕ್ಕಿಗೂ ನಡುವೆ ವಿದ್ಯುತ್ ಹರಿದು, ಬರಿ ಉಕ್ಕು ಗುಳಿಗುಳಿಯಾಗಿ ಸವೆಯುತ್ತದೆ. ಹಾಳೆಗಳನ್ನು ದುರ್ಬಲ ಆಮ್ಲದಲ್ಲಿ ತೊಳೆದು ಪೊರೆಯನ್ನೆಲ್ಲ ತೆಗೆದ ಮೇಲೆಯೇ ಬಣ್ಣ ಬಳಿಯುವ ಪದ್ಧತಿ ಅಡ್ಮಿರಾಲ್ಟಿಯಲ್ಲಿ ಬಂದದ್ದು ಈ ಕಾಟ ತಾಳಲಾರದೆ.

ಐರಿಸ್ 1877ರ ಏಪ್ರಿಲ್ 12ರಂದು ನೀರಿಗಿಳಿಯಿತು. 300 ಅಡಿ ಉದ್ದ, 46 ಅಡಿ ಅಗಲ, ಸುಮಾರು 3,700 ಟನ್. ಮೈಮೇಲೆ ಕವಚವಿಲ್ಲ, ಎಂಜಿನ್ ಕೋಣೆಯ ಎರಡೂ ಪಕ್ಕ ತುಂಬಿದ ಕಲ್ಲಿದ್ದಲೇ ರಕ್ಷೆ. ದೊಡ್ಡ ಹಡಗುಗಳ ನಡುವೆ ಸಂದೇಶ ಒಯ್ಯುವುದು, ಶತ್ರುವಿನ ಸುಳಿವು ಹಿಡಿಯುವುದು ಅದರ ಕೆಲಸ. ಹಾಗಾಗಿ ವೇಗವೇ ಸರ್ವಸ್ವ. ವಿನ್ಯಾಸದಲ್ಲಿ ಬಾರ್ನಬಿಯ ಬಲಗೈಯಾಗಿದ್ದ ವಿಲಿಯಂ ವೈಟ್ ಮುಂದೆ ತಾವೇ ಪ್ರಧಾನ ವಿನ್ಯಾಸಕಾರರಾದರು. ಎಂಜಿನ್ ಲಂಡನ್ನಿನ ಮಾಡ್ಸ್‌ಲೇ ಕಂಪನಿಯದು, ಪ್ರೊಪೆಲರ್ ಎರಡು. ಹದಿನೇಳೂವರೆ ನಾಟ್, ಎಂದರೆ ಗಂಟೆಗೆ ಹದಿನೇಳೂವರೆ ನಾಟಿಕಲ್ ಮೈಲಿ, ವೇಗ ಬರಬೇಕೆಂಬುದು ಲೆಕ್ಕಾಚಾರ.

ಹಡಗಿನ ವೇಗ ಅಳೆಯುವ ಬಗೆ ಸರಳ, ಆದರೆ ಚತುರ. ಪೋರ್ಟ್ಸ್‌ಮತ್ ಬಳಿಯ ಸ್ಟೋಕ್ಸ್ ಬೇ ದಡದಲ್ಲಿ ಎರಡು ಜೊತೆ ಕಂಬಗಳನ್ನು ಒಂದು ನಾಟಿಕಲ್ ಮೈಲಿ, ಅಂದರೆ 6,080 ಅಡಿ ಅಂತರದಲ್ಲಿ ನೆಟ್ಟಿದ್ದರು. ಹಡಗಿನಿಂದ ನೋಡುವಾಗ ಒಂದು ಜೊತೆಯ ಎರಡೂ ಕಂಬ ಒಂದರ ಹಿಂದೊಂದು ಸೇರಿ ಒಂದೇ ಆಗಿ ಕಂಡ ಕ್ಷಣ ಗಡಿಯಾರ ಒತ್ತಬೇಕು. ಎರಡನೆಯ ಜೊತೆಯೂ ಹಾಗೆ ಕಂಡಾಗ ಮತ್ತೆ ಒತ್ತಬೇಕು. ಭರತ ಇಳಿತದ ಸೆಳೆತ ಮೋಸ ಮಾಡದಿರಲು ಹೋಗುತ್ತ ಒಮ್ಮೆ, ಬರುತ್ತ ಒಮ್ಮೆ ಓಡಿಸಿ ಸರಾಸರಿ ತೆಗೆಯಬೇಕು. ಸೆಳೆತ ಗಳಿಗೆಗೊಮ್ಮೆ ಬದಲಾಗುವುದರಿಂದ ಆ ಸರಾಸರಿಗಳಿಗೇ ಇನ್ನೊಮ್ಮೆ ಸರಾಸರಿ. ಅದೇ ಹೊತ್ತಿಗೆ ಎಂಜಿನ್ ಕೋಣೆಯಲ್ಲಿ ಇಂಡಿಕೇಟರ್ ಎಂಬ ಉಪಕರಣ ಸಿಲಿಂಡರಿನೊಳಗಿನ ಉಗಿಯ ಒತ್ತಡದ ಏರಿಳಿತವನ್ನು ಕಾಗದದ ಮೇಲೆ ಗೀಚುತ್ತಿರುತ್ತದೆ. ಆ ಗೆರೆ ಸುತ್ತಿದ ಜಾಗದ ವಿಸ್ತೀರ್ಣದಿಂದ ಅಶ್ವಶಕ್ತಿ ಸಿಗುತ್ತದೆ. (ಇಂಥ ಓಟಗಳಿಗೆ ಆಯ್ದ ಕಲ್ಲಿದ್ದಲು, ಆಯ್ದ ಬೆಂಕಿಯಾಳುಗಳನ್ನೇ ಹಾಕುವುದು ಎಲ್ಲ ದೇಶಗಳ ರೂಢಿಯಾಗಿತ್ತು. ಪರೀಕ್ಷೆಯ ದಿನದ ವೇಗ ಹಡಗಿಗೆ ಮತ್ತೆ ಜನ್ಮದಲ್ಲಿ ಬರುತ್ತಿರಲಿಲ್ಲ.)

ಮೊದಲ ಓಟದಲ್ಲಿ ಎಂಜಿನ್ನುಗಳು ಸುಮಾರು 7,500 ಅಶ್ವಶಕ್ತಿ ಕೊಟ್ಟವು. ಅಲ್ಲಿ ದೂರಲು ಏನೂ ಇರಲಿಲ್ಲ. ಆದರೆ ವೇಗ 16.6 ನಾಟ್ ಆಸುಪಾಸಿನಲ್ಲೇ ನಿಂತುಬಿಟ್ಟಿತು. ಉಕ್ಕು ಗೆದ್ದು ಹಡಗು ಸೋತಂತಾಯಿತು. ಶಕ್ತಿ ಎಲ್ಲಿ ಸೋರುತ್ತಿದೆ?

ಅನುಮಾನ ಪ್ರೊಪೆಲರಿನ ಮೇಲೆ ಬಿತ್ತು. ಹದಿನೆಂಟೂವರೆ ಅಡಿ ವ್ಯಾಸ, ನಾಲ್ಕು ಅಗಲ ಅಲಗು. ದೊಡ್ಡ ಪ್ರೊಪೆಲರ್ ಹೆಚ್ಚು ನೀರು ತಳ್ಳುತ್ತದೆ, ಆದ್ದರಿಂದ ಒಳ್ಳೆಯದು ಎಂಬುದು ಅಂದಿನ ತಿಳಿವಳಿಕೆ. ಆದರೆ ಟಾರ್ಕ್ವೆಯಲ್ಲಿ ತೊಟ್ಟಿ ಕಟ್ಟಿ ಮೇಣದ ಮಾದರಿ ಹಡಗುಗಳನ್ನು ಎಳೆದು ನೋಡುತ್ತಿದ್ದ ವಿಲಿಯಂ ಫ್ರೌಡ್ 1876ರಲ್ಲೇ ಎಚ್ಚರಿಸಿದ್ದರು: ಎಂಜಿನ್ನಿನ ಶಕ್ತಿಯಲ್ಲಿ ಹಡಗನ್ನು ನಿಜವಾಗಿ ಮುಂದೆ ದೂಡುವುದು ಶೇ 40ರಷ್ಟು ಮಾತ್ರ, ಮಿಕ್ಕದ್ದು ದಾರಿಯಲ್ಲೇ ಕರಗುತ್ತದೆ. ಅಲಗಿನ ಮೈಗೆ ನೀರು ಉಜ್ಜುವುದೂ ಆ ನಷ್ಟದ ಒಂದು ಬಾಬ್ತು. ಅಲಗು ಉದ್ದವಾದಷ್ಟೂ ಅದರ ತುದಿಯ ವೇಗ ಹೆಚ್ಚು, ಉಜ್ಜುವಿಕೆಯೂ ಹೆಚ್ಚು.

ಅಡ್ಮಿರಾಲ್ಟಿಯ ಎಂಜಿನಿಯರರು ಮಾಡಿದ್ದು ತೀರಾ ಸರಳವಾದ ಪ್ರಯೋಗ. ಒಂದೊಂದು ಪ್ರೊಪೆಲರಿನಿಂದಲೂ ಎರಡೆರಡು ಅಲಗು ಬಿಚ್ಚಿ ತೆಗೆದು, ಉಳಿದೆರಡರಲ್ಲೇ ಓಡಿಸಿದರು. ಸುಮಾರು 4,400 ಅಶ್ವಶಕ್ತಿಗೇ 15.7 ನಾಟ್ ಬಂತು! ಎಂದರೆ ಮೊದಲು 7,500 ಅಶ್ವಗಳಲ್ಲಿ ದೊಡ್ಡ ಪಾಲು ನೀರನ್ನು ಕಡೆಯುವುದಕ್ಕೇ ಹೋಗುತ್ತಿತ್ತು. ಆಮೇಲೆ ವ್ಯಾಸವನ್ನು 16 ಅಡಿ ಚಿಲ್ಲರೆಗೆ ಇಳಿಸಿ, ಅಲಗಿನ ಓರೆಯನ್ನು ಹೆಚ್ಚಿಸಿ ಹೊಸ ನಾಲ್ಕಲಗಿನ ಪ್ರೊಪೆಲರ್ ಹಾಕಿದರು. ವೇಗ 18.57 ನಾಟ್. ಎರಡೇ ಅಲಗಿನ ಬೇರೊಂದು ಜೊತೆ ಹಾಕಿದಾಗಲೂ ಹೆಚ್ಚುಕಡಿಮೆ ಅಷ್ಟೇ ಬಂತು. ಎಂಜಿನ್ ಅದೇ, ಶಕ್ತಿ ಸುಮಾರಾಗಿ ಅಷ್ಟೇ. ಮೈಲಿ ದಾಟಲು ಮೊದಲು 217 ಸೆಕೆಂಡು ಹಿಡಿಯುತ್ತಿತ್ತು, ಈಗ 194. ಇಪ್ಪತ್ತಮೂರು ಸೆಕೆಂಡು ಅಲ್ಪವೆನಿಸಬಹುದು. ಆದರೆ ವೇಗ ಏರಿದಂತೆ ಬೇಕಾಗುವ ಶಕ್ತಿ ಸುಮಾರು ಅದರ ಘನದ ಪ್ರಮಾಣದಲ್ಲಿ ಏರುತ್ತದೆ. ಇಷ್ಟೇ ಹೆಚ್ಚಳವನ್ನು ಎಂಜಿನ್ನಿನಿಂದ ಪಡೆಯಹೊರಟಿದ್ದರೆ ಇನ್ನೂ ಮೂರು ಸಾವಿರ ಅಶ್ವಶಕ್ತಿ, ಅದಕ್ಕೆ ತಕ್ಕ ಬಾಯ್ಲರು, ಕಲ್ಲಿದ್ದಲು ಎಲ್ಲ ಬೇಕಿತ್ತು. ಆ ಕಾಲಕ್ಕೆ ಇಷ್ಟು ವೇಗದ ಯುದ್ಧನೌಕೆ ಬೇರಾವ ನೌಕಾಪಡೆಯಲ್ಲೂ ಇರಲಿಲ್ಲ. ನೌಕಾಪಡೆಯ ಮುಖ್ಯ ಎಂಜಿನಿಯರ್ ಜೇಮ್ಸ್ ರೈಟ್ ಸೋಲಿನ ಅಂಕಿಗಳನ್ನೂ ಬಚ್ಚಿಡದೆ ಎಲ್ಲವನ್ನೂ 1879ರಲ್ಲಿ ನೌಕಾಶಿಲ್ಪಿಗಳ ಸಭೆಯ ಮುಂದಿಟ್ಟರು. ಮುಂದೆ ದಶಕಗಳ ಕಾಲ ಪ್ರೊಪೆಲರ್ ಕುರಿತ ಪಠ್ಯಪುಸ್ತಕಗಳಲ್ಲಿ ಐರಿಸ್ ಪಾಠವಾಯಿತು.

ಎಲ್ಲ ಕಡೆ ಹೀಗೇ ಆಗುತ್ತದೆ ಎನ್ನುವಂತಿಲ್ಲ. ಅಮೆರಿಕದ ನೌಕಾಪಡೆ ತನ್ನ ಮೊದಲ ಉಕ್ಕಿನ ಹಡಗುಗಳನ್ನು 1883ರಲ್ಲಿ ಕಟ್ಟಲು ಹೊರಟಾಗ ನಾಲ್ಕರ ಗುತ್ತಿಗೆಯೂ ಪೆನ್ಸಿಲ್ವೇನಿಯದ ಜಾನ್ ರೋಚ್ ಎಂಬ ಹಡಗು ನಿರ್ಮಾಪಕನಿಗೆ ಸಿಕ್ಕಿತು. ನಾಲ್ಕರಲ್ಲಿ ಚಿಕ್ಕದಾದ ‘ಡಾಲ್ಫಿನ್’ ಕೂಡ ಐರಿಸ್‌ನಂತೆಯೇ ಸಂದೇಶ ನೌಕೆ. ನೀರಿಗಿಳಿದದ್ದೂ, ಕಾಕತಾಳೀಯವಾಗಿ, ಏಪ್ರಿಲ್ 12ರಂದೇ, 1884ರಲ್ಲಿ. ಅದೇ ನವೆಂಬರಿನ ಪರೀಕ್ಷಾ ಓಟದಲ್ಲಿ ಪ್ರೊಪೆಲರಿನ ದಂಡ ಮುರಿಯಿತು. ದುರಸ್ತಿ, ಮರುಪರೀಕ್ಷೆ ನಡೆಯುತ್ತಿರುವಾಗಲೇ ವಾಷಿಂಗ್ಟನ್ನಿನಲ್ಲಿ ಸರಕಾರ ಬದಲಾಯಿತು. ರೋಚ್ ಹಳೆಯ ಆಡಳಿತ ಪಕ್ಷಕ್ಕೆ ಬೇಕಾದವನು. ಹೊಸ ನೌಕಾ ಕಾರ್ಯದರ್ಶಿ ವಿಲಿಯಂ ವಿಟ್ನಿ ಹೊಸ ಸಮಿತಿ ನೇಮಿಸಿದರು. ಗುತ್ತಿಗೆಯಲ್ಲಿ ಹೇಳಿದ್ದ 2,300 ಅಶ್ವಶಕ್ತಿಗೆ ಸ್ವಲ್ಪ ಕಡಿಮೆ ಬಿದ್ದಿದೆ, ಒಡಲು ದುರ್ಬಲ ಎಂಬ ವರದಿ ಬಂತು. ಗುತ್ತಿಗೆಯೇ ಅಸಿಂಧು ಎಂದು ಅಟಾರ್ನಿ ಜನರಲ್ ಅಭಿಪ್ರಾಯಪಟ್ಟರು. 1885ರ ಜುಲೈನಲ್ಲಿ ರೋಚ್ ದಿವಾಳಿ, 1887ರ ಜನವರಿಯಲ್ಲಿ ಸಾವು. ದುರ್ಬಲವೆಂದು ಹಣೆಪಟ್ಟಿ ಹಚ್ಚಿಸಿಕೊಂಡ ಡಾಲ್ಫಿನ್ ಅದೇ 1885ರ ಡಿಸೆಂಬರಿನಲ್ಲಿ ನೌಕಾಪಡೆ ಸೇರಿ, ಮುಂದೆ ಜಪಾನ್, ಚೀನಾ, ಸಿಂಹಳ, ಭಾರತವನ್ನೆಲ್ಲ ಹಾದು ಭೂಮಿ ಸುತ್ತಿ 1889ರಲ್ಲಿ ನ್ಯೂಯಾರ್ಕಿಗೆ ಮರಳಿತು. 1921ರವರೆಗೆ ಸೇವೆಯಲ್ಲಿತ್ತು.

ಐರಿಸ್‌ನಲ್ಲೂ ತಪ್ಪಾಗಿತ್ತು, ಡಾಲ್ಫಿನ್‌ನಲ್ಲೂ ತಪ್ಪಾಗಿತ್ತು. ಐರಿಸ್ ಸರಕಾರಿ ಕಟ್ಟೆಯ ಕೂಸು. ಅದರ ಸೋಲಿಗೆ ದುಡ್ಡು ಕಳೆದುಕೊಳ್ಳುವ ಖಾಸಗಿ ಆಸಾಮಿ ಇರಲಿಲ್ಲ. ಆದ್ದರಿಂದ ಅಲ್ಲಿ ಎರಡು ಅಲಗು ಬಿಚ್ಚಿ ನೋಡುವ ತಾಳ್ಮೆ ಸಾಧ್ಯವಾಯಿತು. ಅಮೆರಿಕದಲ್ಲಿ ಪ್ರತಿ ಅಂಕಿಯೂ ವಕೀಲರ ಕೈಯ ಸಾಕ್ಷಿಯಾಯಿತು. ರೋಚ್ ಸಂಪೂರ್ಣ ನಿರ್ದೋಷಿ ಎಂದು ನಾನು ಹೇಳುತ್ತಿಲ್ಲ. ಆದರೆ ಚಿಲ್ಲರೆ ಅಶ್ವಶಕ್ತಿಯ ಕೊರತೆಗೆ ಒಬ್ಬ ಹಡಗು ನಿರ್ಮಾಪಕ ದಿವಾಳಿಯೇ ಆಗಬೇಕಾಗಿರಲಿಲ್ಲ.

ಐರಿಸ್ ನಂತರ ಎಲ್ಲವೂ ಬೇಗಬೇಗ ನಡೆಯಿತು. ಹಡಗು ವಿಮೆಯ ಲೋಕಕ್ಕೆ ದರ್ಜೆ ನಿಗದಿ ಮಾಡುವ ಲಾಯ್ಡ್ಸ್ ರಿಜಿಸ್ಟರ್, ಉಕ್ಕಾದರೆ ಹಾಳೆಯ ದಪ್ಪ ಶೇ 20ರಷ್ಟು ಕಡಿಮೆ ಇದ್ದರೂ ಸರಿ ಎಂದಿತು. 1879ರಲ್ಲಿ ಸ್ಕಾಟ್ಲೆಂಡಿನ ಡೆನ್ನಿ ಕಟ್ಟೆಯಿಂದ ಸಾಗರಯಾನಕ್ಕೆ ತಕ್ಕ ಉಕ್ಕಿನ ಪ್ರಯಾಣಿಕ ಹಡಗು ‘ರೋಟೊಮಹಾನ’ ಹೊರಟಿತು. ಸ್ಕಾಟ್ಲೆಂಡಿನ ಉಕ್ಕಿನ ಕಂಪನಿಗೆ ಹೋದ ರೈಲಿಯ ಹೊಸ ಕಾರ್ಖಾನೆಯೂ ಹಳೆಯ ಲ್ಯಾಂಡೋರ್ ಕಾರ್ಖಾನೆಯೂ 1890ರಲ್ಲಿ ತೆರೆದ ಫೋರ್ತ್ ಸೇತುವೆಗೆ ಉಕ್ಕು ಒದಗಿಸಿದವು. ಐರಿಸ್ 1905ರಲ್ಲಿ ಮಾರಾಟವಾಯಿತು. ತುಕ್ಕು ತಿಂದು ಬೇಗ ಮುಗಿಯುತ್ತದೆ ಎಂದಿದ್ದ ಉಕ್ಕಿನ ಒಡಲು ಇಪ್ಪತ್ತೆಂಟು ವರ್ಷ ಬಾಳಿತ್ತು. ಮರ್ಕ್ಯುರಿ 1919ರವರೆಗೂ ಇತ್ತು.

ಅಡ್ಮಿರಾಲ್ಟಿ ಉಕ್ಕನ್ನು ಎಳೆದು, ಬಾಗಿಸಿ ನೋಡಿದ ಆ ಪರೀಕ್ಷೆಗಳು ಇಂದಿಗೂ ಜೀವಂತ. ಮನೆ ಕಟ್ಟಿಸಲು ಟಿಎಂಟಿ ಕಂಬಿ ಕೊಳ್ಳುವವರು ಗಮನಿಸಿ: ‘ಫೆ 500’ ಮತ್ತು ‘ಫೆ 500 ಡಿ’ ಎರಡಕ್ಕೂ ಬೇಕಾದ ಕನಿಷ್ಠ ಬಲದ ಸಂಖ್ಯೆ ಅದೇ 500, ಹರಿಯುವ ಮೊದಲು ಹಿಗ್ಗಬೇಕಾದ ಪ್ರಮಾಣ ಮಾತ್ರ ನಮ್ಮ ಐಎಸ್ 1786 ಮಾನದಂಡದ ಪ್ರಕಾರ ಮೊದಲನೆಯದಕ್ಕೆ ಕನಿಷ್ಠ ಶೇ 12, ಎರಡನೆಯದಕ್ಕೆ ಶೇ 16. ಕಂಬಿಯ ಜೊತೆ ಕಾರ್ಖಾನೆಯ ಟೆಸ್ಟ್ ಸರ್ಟಿಫಿಕೇಟ್ ಕೇಳಿ ಪಡೆಯಿರಿ. ಅದರಲ್ಲಿ ಬಲದ ಸಾಲಿನ ಜೊತೆಗೆ ಹಿಗ್ಗುವಿಕೆಯ ಸಾಲನ್ನೂ, ಬಾಗಿಸಿ ನೋಡಿದ ಪರೀಕ್ಷೆಯ ಸಾಲನ್ನೂ ಓದಿ.